ಮನೆಯೊಳಗಿನ ಸೈಕಲ್: ಆಯ್ಕೆ ಮತ್ತು ಬಳಕೆ

ಮಧುಮೇಹ, ರಕ್ತದೊತ್ತಡಗಳಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ವೈದ್ಯರು ದಿನವೂ ಅರ್ಧ ಗಂಟೆ ನಡೆಯುವಂತೆ ಸಲಹೆ ನೀಡುತ್ತಾರೆ. ಸಲಹೆ ಸರಿಯಾದುದೇ. ಆದರೆ ಹನೂರು ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ನಸುಕಿನ ಹೊತ್ತು ಒಬ್ಬರೇ ರಸ್ತೆಗಿಳಿಯುವುದು ಸುಲಭವಲ್ಲ. 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟದ ಅರಣ್ಯ ಒಂದು ಕಡೆ, ಕಾವೇರಿ ವನ್ಯಧಾಮ ಇನ್ನೊಂದು ಕಡೆ. ರಾತ್ರಿ ಹೊಲಕ್ಕೆ ಬಂದ ಆನೆಗಳು ಕಾಡಿಗೆ ಹಿಂದಿರುಗುವುದೂ ಅದೇ ಹೊತ್ತಿನಲ್ಲಿ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನಬೆಟ್ಟದ ತಪ್ಪಲಿನಲ್ಲಿರುವ ಯಳಂದೂರು ಭಾಗದವರ ಸ್ಥಿತಿಯೂ ಬೇರೆಯಲ್ಲ. ಕೊಳ್ಳೇಗಾಲ ಪಟ್ಟಣದಲ್ಲಿ ಆನೆಯ ಭಯವಿಲ್ಲ; ವಾಹನಗಳ ಭಯವಿದೆ. ಇದರ ಮೇಲೆ ಮೊಣಕಾಲಿನ ನೋವು ಸೇರಿಕೊಂಡರೆ ನಡಿಗೆ ನಿಂತೇ ಹೋಗುತ್ತದೆ. ಅಂತಹವರಿಗೆ ಮನೆಯೊಳಗೆ ಇದ್ದಲ್ಲಿಯೇ ತುಳಿಯುವ ಸೈಕಲ್ ಉತ್ತಮ ಸಾಧನ.

ಇದು ಶ್ರೀಮಂತರ ಆಟಿಕೆಯೆಂದು ಭಾವಿಸಬೇಕಾಗಿಲ್ಲ. ಡೆನ್ಮಾರ್ಕಿನ ಶರೀರಶಾಸ್ತ್ರಜ್ಞ ಆಗಸ್ಟ್ ಕ್ರೋಗ್ ಅವರು 1913ರಲ್ಲಿಯೇ ಮನುಷ್ಯನ ಶ್ರಮವನ್ನು ಅಳೆಯುವುದಕ್ಕಾಗಿ ಇಂತಹ ಸೈಕಲ್ಲನ್ನು ರೂಪಿಸಿದ್ದರು. ದೇಹದ ಭಾರವನ್ನು ಸೀಟು ಹೊರುತ್ತದೆ, ಕಾಲು ದುಡಿಯುತ್ತದೆ, ದುಡಿಮೆಯನ್ನು ಬೇಕಾದಷ್ಟು ಹೆಚ್ಚಿಸಬಹುದು, ತಗ್ಗಿಸಬಹುದು. ಪ್ರಯೋಗಾಲಯಕ್ಕೆ ಅನುಕೂಲವಾದ ಈ ಗುಣವೇ ಮೊಣಕಾಲು ನೋವಿನವರಿಗೂ ಅನುಕೂಲ. ವಿದ್ಯುತ್ತು ಹೋದರೆ ನಡಿಗೆ ಯಂತ್ರ ನಿಲ್ಲುತ್ತದೆ. ಸಾಮಾನ್ಯ ಸೈಕಲ್ ಯಂತ್ರಕ್ಕೆ ವಿದ್ಯುತ್ತೇ ಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಕೊಳ್ಳುವ ಮುನ್ನ, ಮನೆಯಲ್ಲಿರುವ ಹಳೆಯ ಸೈಕಲ್ಲನ್ನೇ ಬಳಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಟೈರಿಗೆ ಒಂದು ಉರುಳೆಯನ್ನು ಒತ್ತಿ, ಅಯಸ್ಕಾಂತದಿಂದಲೋ ದ್ರವದಿಂದಲೋ ಬಿಗಿ ಕೊಡುವ ಟ್ರೈನರ್ ಸ್ಟ್ಯಾಂಡುಗಳು ದೊರೆಯುತ್ತವೆ. ಆದರೆ ಇವು ಬಹುಮಟ್ಟಿಗೆ ಗೇರ್ ಸೈಕಲ್ಲುಗಳಿಗಾಗಿ ಮಾಡಿದಂಥವು. ನಮ್ಮ ತಂದೆ, ತಾತಂದಿರು ಹಾಲಿನ ಕ್ಯಾನು, ರೇಷ್ಮೆಗೂಡು ಹೇರಿಕೊಂಡು ಹೋಗುತ್ತಿದ್ದ 28 ಇಂಚಿನ ಸೈಕಲ್ಲಿಗೆ ಅವು ಸಾಮಾನ್ಯವಾಗಿ ಹೊಂದುವುದಿಲ್ಲ. ಅದರ ಗಾಲಿ ದೊಡ್ಡದು, ಹಿಂದಿನ ಆಕ್ಸಲ್ಲಿಗೆ ನಟ್ಟುಗಳಿವೆ, ಕ್ಯಾರಿಯರ್ ಮತ್ತು ಸ್ಟ್ಯಾಂಡಿನ ಕಂಬಿಗಳು ಅಡ್ಡ ಬರುತ್ತವೆ. ಡಬಲ್ ಸ್ಟ್ಯಾಂಡ್ ಹಾಕಿ ಅದರ ಮೇಲೆಯೇ ಕುಳಿತು ತುಳಿಯುವವರನ್ನೂ ಕಂಡಿದ್ದೇನೆ. ಗಾಲಿ ಬರಿದೇ ತಿರುಗುವುದರಿಂದ ವ್ಯಾಯಾಮವೂ ಆಗದು, ಸ್ಟ್ಯಾಂಡು ಜಾರಿದರೆ ಬೀಳುವುದೂ ತಪ್ಪದು. ಮಗನ ಗೇರ್ ಸೈಕಲ್ ಮೂಲೆಯಲ್ಲಿ ನಿಂತಿದ್ದರೆ ಮಾತ್ರ ಟ್ರೈನರ್ ಸ್ಟ್ಯಾಂಡಿನ ವಿಚಾರ ಮಾಡಬಹುದು. ಆಗಲೂ ಹಲ್ಲುಹಲ್ಲಾದ ಟೈರು ಬಹಳ ಸದ್ದು ಮಾಡುತ್ತದೆ. ನುಣುಪಾದ ಟೈರು ಹಾಕಿಸಿ, ಗಾಳಿಯನ್ನು ಪೂರ್ಣ ತುಂಬಿಸಬೇಕು. ಮುಂದಿನ ಗಾಲಿ ತಗ್ಗಾಗದಂತೆ ಕೆಳಗೊಂದು ಗಟ್ಟಿಯಾದ ಮಣೆ ಇಡಬೇಕು.

ಉಳಿದವರಿಗೆ ವ್ಯಾಯಾಮಕ್ಕೆಂದೇ ತಯಾರಾದ ಯಂತ್ರವೇ ಸೂಕ್ತ. ಅವುಗಳಲ್ಲಿ ಮೂರು ಬಗೆಗಳನ್ನು ಅಂಗಡಿಯಲ್ಲಿ ಹೆಚ್ಚಾಗಿ ತೋರಿಸುತ್ತಾರೆ. ಭಾರವಾದ ಗಾಲಿಯುಳ್ಳ ಸ್ಪಿನ್ ಬೈಕ್ ನೋಡಲು ಆಕರ್ಷಕ. ಆದರೆ ಅನೇಕ ಮಾದರಿಗಳಲ್ಲಿ ನಾವು ತುಳಿಯುವುದನ್ನು ನಿಲ್ಲಿಸಿದರೂ ಗಾಲಿಯ ರಭಸಕ್ಕೆ ಪೆಡಲ್ ತಿರುಗುತ್ತಲೇ ಇರುತ್ತದೆ. ಅರುವತ್ತು ದಾಟಿದವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಕೈಗಳೂ ಹಿಂದೆ ಮುಂದೆ ಚಲಿಸುವ ಏರ್ ಬೈಕ್ ಅಗ್ಗವಾಗಿ ಸಿಗುತ್ತದೆ, ಸದ್ದು ಹೆಚ್ಚು. ಅಯಸ್ಕಾಂತದ ಬಿಗಿಯುಳ್ಳ, ಗಾಲಿ ಪೂರ್ತಿ ಮುಚ್ಚಿದ, ನೆಟ್ಟಗೆ ಕುಳಿತು ತುಳಿಯುವ ಯಂತ್ರವೇ ಸಾಮಾನ್ಯ ಕುಟುಂಬಕ್ಕೆ ಒಳ್ಳೆಯದು. ಬೆನ್ನುನೋವಿನವರಿಗೆ, ಕಾಲೆತ್ತಿ ದಾಟಿ ಕೂರಲಾಗದ ತಾಯಂದಿರಿಗೆ ಬೆನ್ನಿಗೆ ಒರಗುಳ್ಳ, ತಗ್ಗಾದ ಆಸನದ ಯಂತ್ರಗಳಿವೆ. ಬೆಲೆ ತುಸು ಹೆಚ್ಚಾದರೂ ಅವು ನಿಜವಾಗಿ ಬಳಕೆಯಾಗುತ್ತವೆ. ಗಾಲಿ ಮುಚ್ಚಿರಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಸೀರೆಯ ಸೆರಗು, ಪಂಚೆಯ ಅಂಚು, ಎಲ್ಲಕ್ಕಿಂತ ಮೊದಲು ಮಕ್ಕಳ ಬೆರಳು ಸಿಕ್ಕಿಬೀಳುವ ಜಾಗವದು.

ಯಂತ್ರ ಎಷ್ಟು ತೂಕವನ್ನು ತಾಳುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ನಮೂದಿಸಿರುತ್ತಾರೆ. ಬಳಸುವವರ ತೂಕಕ್ಕಿಂತ ಕನಿಷ್ಠ 20 ಕಿಲೋ ಹೆಚ್ಚಿಗೆ ಇರಲಿ. ಕೆಟ್ಟರೆ ಮನೆಗೆ ಬಂದು ಸರಿಪಡಿಸುವವರು ಯಾರು, ಮೈಸೂರಿನಿಂದ ಬರಬೇಕೋ, ಬಿಡಿಭಾಗ ಎಷ್ಟು ದಿನಕ್ಕೆ ದೊರೆಯುತ್ತದೆ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿರಿ. ಪರದೆಯ ಮೇಲೆ ಮೂಡುವ ಕ್ಯಾಲೊರಿ ಲೆಕ್ಕ ಕೇವಲ ಅಂದಾಜು. ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಇನ್ನು ಮುಖ್ಯ ವಿಷಯ. ನಮ್ಮ ಮನೆಗೆ ತಂದೆಯವರಿಗಾಗಿ ತಂದ ಸೈಕಲ್ ಒಂದೇ ತಿಂಗಳಿನಲ್ಲಿ ಟವೆಲ್ ಒಣಗಿಸುವ ಕಂಬವಾಯಿತು. ತುಳಿದರೆ ಮೊಣಕಾಲಿನ ಚಿಪ್ಪಿನ ಸುತ್ತ ನೋವೆಂದು ಅವರು ಇಳಿದುಬಿಟ್ಟಿದ್ದರು. ಯಂತ್ರವೇ ಸರಿಯಿಲ್ಲವೆಂದು ನಾವೆಲ್ಲ ತೀರ್ಮಾನಿಸಿದೆವು. ದೋಷವಿದ್ದುದು ಯಂತ್ರದಲ್ಲಲ್ಲ, ಸೀಟಿನ ಎತ್ತರದಲ್ಲಿ. ಬೀಳಬಾರದೆಂಬ ಎಚ್ಚರದಿಂದ ನಾನೇ ಸೀಟನ್ನು ತೀರಾ ಕೆಳಗಿಳಿಸಿದ್ದೆ. ಸೀಟು ತಗ್ಗಾದಷ್ಟೂ ಮೊಣಕಾಲು ಹೆಚ್ಚು ಮಡಿಚಿಕೊಳ್ಳುತ್ತದೆ, ಚಿಪ್ಪಿನ ಮೇಲಿನ ಒತ್ತಡ ಹೆಚ್ಚುತ್ತದೆ. ಮೂರು ರಂಧ್ರದಷ್ಟು ಏರಿಸಿದ ಮೇಲೆ ಅವರು ಮತ್ತೆ ಕುಳಿತರು.

ಸರಿಯಾದ ಎತ್ತರವನ್ನು ಕಂಡುಕೊಳ್ಳುವ ಕ್ರಮ ಹೀಗಿದೆ. ಯಂತ್ರದ ಪಕ್ಕದಲ್ಲಿ ನಿಂತಾಗ ಸೀಟು ಸೊಂಟದ ಮೂಳೆಯ ಮಟ್ಟಕ್ಕೆ ಬರುವಂತೆ ಮೊದಲು ಇಡಿರಿ. ಅನಂತರ ಕುಳಿತು, ಪೆಡಲನ್ನು ಅತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿರಿ. ಆಗ ಕಾಲು ನೇರವಾಗಬೇಕು. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿಯಷ್ಟು ಬಾಗು ತಾನಾಗಿ ಉಳಿಯುತ್ತದೆ. ಮೊಣಕಾಲಿನ ಮುಂಭಾಗ ನೊಂದರೆ ಸೀಟು ತಗ್ಗಾಗಿದೆ ಅಥವಾ ಬಿಗಿ ಹೆಚ್ಚಾಗಿದೆ ಎಂದು ತಿಳಿಯಬೇಕು. ಹಿಂಭಾಗ ಸೆಳೆದರೆ, ಇಲ್ಲವೇ ತುಳಿಯುವಾಗ ಸೊಂಟ ಅತ್ತಿತ್ತ ವಾಲಿದರೆ ಸೀಟು ಎತ್ತರವಾಗಿದೆ. ಮನೆಯಲ್ಲಿ ಇಬ್ಬರು ಮೂವರು ಬಳಸುವುದಾದರೆ ಸೀಟಿನ ಕಂಬಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಗುರುತು ಹಾಕಿಡುವುದು ಅನುಕೂಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಬೇಕು. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಆದರೆ ಮೊದಲ ದಿನವೇ ಅರ್ಧ ಗಂಟೆ ತುಳಿದವರು ನಾಲ್ಕನೆಯ ದಿನ ಯಂತ್ರದ ಬಳಿ ಸುಳಿಯುವುದಿಲ್ಲ. ಮೊದಲ ಎರಡು ವಾರ ಬಿಗಿಯಿಲ್ಲದೆ ಹತ್ತು ನಿಮಿಷ ಸಾಕು. ಬಳಿಕ ಮೂರು ನಾಲ್ಕು ದಿನಗಳಿಗೊಮ್ಮೆ ಎರಡು ನಿಮಿಷ ಸೇರಿಸುತ್ತ ಹೋಗಿ, ಅರ್ಧ ಗಂಟೆ ಮುಟ್ಟಿದ ಮೇಲೆಯೇ ಬಿಗಿಯನ್ನು ಒಂದು ಹಂತ ಏರಿಸಬೇಕು. ವೇಗ ನಿಮಿಷಕ್ಕೆ 60 ಸುತ್ತು ಇರಲಿ. ಬಲಗಾಲು ಕೆಳಗಿಳಿಯುವುದನ್ನು 15 ಸೆಕೆಂಡು ಎಣಿಸಿದರೆ 15 ಬರಬೇಕು. ಶ್ರಮ ಎಷ್ಟಿರಬೇಕೆಂದರೆ, ಪಕ್ಕದಲ್ಲಿರುವವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ಸೇವಿಸುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಅವರಿಗೆ ನಾಡಿಯ ಲೆಕ್ಕಕ್ಕಿಂತ ಈ ಮಾತಿನ ಪರೀಕ್ಷೆಯೇ ಹೆಚ್ಚು ಉಪಯುಕ್ತ. ಆರಂಭದ ಮತ್ತು ಕೊನೆಯ ಐದೈದು ನಿಮಿಷ ನಿಧಾನವಾಗಿರಬೇಕು. ಹೊರಗೆ ಸವಾರಿ ಮಾಡುವಾಗ ಮುಖಕ್ಕೆ ಬೀಸುವ ಗಾಳಿ ಕೋಣೆಯೊಳಗೆ ಇರುವುದಿಲ್ಲ; ಕಿಟಕಿ ತೆರೆದು, ಫ್ಯಾನು ಹಾಕಿ, ನೀರು ಕೈಗೆಟುಕುವಂತೆ ಇಟ್ಟುಕೊಳ್ಳಿರಿ.

ಭಕ್ತರಲ್ಲಿ ಅನೇಕರು ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸುವವರೆಗೆ ಏನನ್ನೂ ಸೇವಿಸುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಆ ಬರಿಹೊಟ್ಟೆಯಲ್ಲಿ ಸೈಕಲ್ ತುಳಿಯಬಾರದು. ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಉಪಾಹಾರವಾಗಿ ಒಂದೆರಡು ಗಂಟೆಯ ಮೇಲೆ ತುಳಿಯುವುದು ಕ್ಷೇಮ. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ನಿಲ್ಲಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷದ ಬಳಿಕ ಸಕ್ಕರೆ ಪರೀಕ್ಷಿಸಬೇಕು. ಎದೆ ಹಿಸುಕಿದಂತಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ಅದನ್ನು ವಾಯುವೆಂದು ತಳ್ಳಿಹಾಕದೆ 108ಕ್ಕೆ ಕರೆಮಾಡಬೇಕು. ಹೃದ್ರೋಗವಿದ್ದವರು, ರಕ್ತದೊತ್ತಡ ಹತೋಟಿಗೆ ಬಾರದವರು ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಲೇಬಾರದು. ಪಾದದ ಸ್ಪರ್ಶ ಕುಂದಿರುವ ಮಧುಮೇಹಿಗಳು ಬರಿಗಾಲಿನಲ್ಲಿ ತುಳಿಯದೆ ಬೂಟು ಧರಿಸಿ, ಇಳಿದ ಮೇಲೆ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು.

ಶಿವರಾತ್ರಿಗೆ ಕೌದಳ್ಳಿ, ತಾಳುಬೆಟ್ಟದ ದಾರಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಬೇಕೆಂದಿರುವ ಕೆಲವರು ಸೈಕಲ್ ತುಳಿದು ಸಿದ್ಧರಾಗಬಹುದೇ ಎಂದು ಕೇಳುತ್ತಾರೆ. ಉಸಿರಿಗೂ ತೊಡೆಗೂ ಬಲ ಬರುವುದು ನಿಜ. ಆದರೆ ಇಳಿಜಾರಿನಲ್ಲಿ ದೇಹದ ಭಾರವನ್ನು ತಡೆದು ಹಿಡಿಯುವ ಕೆಲಸವನ್ನು ಸೈಕಲ್ ಕಲಿಸುವುದಿಲ್ಲ. ಸೀಟೇ ಭಾರ ಹೊರುವುದರಿಂದ ಮೂಳೆಗಳಿಗೂ ಅದರಿಂದ ಹೆಚ್ಚಿನ ಗಟ್ಟಿತನ ಬರುವುದಿಲ್ಲ. ಅಂತಹವರು ಯಾತ್ರೆಗೆ ಎರಡು ತಿಂಗಳು ಮೊದಲೇ, ಸೈಕಲ್ಲಿನ ಜೊತೆಗೆ ದಿನ ಬಿಟ್ಟು ದಿನ ಮೆಟ್ಟಿಲು ಹತ್ತಿ ಇಳಿಯುವುದನ್ನೂ ಆರಂಭಿಸಬೇಕು, ಮೊದಲಿಗೆ ಗೋಡೆಯನ್ನೋ ಕಂಬಿಯನ್ನೋ ಹಿಡಿದುಕೊಂಡು.