ಸಬ್‌ವೂಫರ್‌ಗೆ ಆಂಪ್: ಮೊದಲು ಓಮ್, ಆಮೇಲೆ ವ್ಯಾಟ್

ಡಬ್ಬಿ ಮೇಲಿನ 2000 ವ್ಯಾಟ್ ನೋಡಿ ನಾವೂ ಮೋಸ ಹೋದವರೇ. ನೋಡಬೇಕಾದ್ದು ಆರ್‌ಎಂಎಸ್. ನಮ್ಮ ಸಬ್‌ಗೆ 4 ಓಮ್‌ನ ಎರಡು ಕಾಯಿಲ್: ಪ್ಯಾರಲಲ್ ಕೊಟ್ಟರೆ 2 ಓಮ್, ಸೀರೀಸ್ ಆದರೆ 8. ಆಂಪ್ 2 ಓಮ್ ತಡೆಯುತ್ತಾ ಅಂತ ಮ್ಯಾನ್ಯುಯಲ್ ನೋಡಿಯೇ ಪ್ಯಾರಲಲ್ ಮಾಡಿ.

ಈಗ ಕರೆಂಟ್ ಲೆಕ್ಕ. 500 ವ್ಯಾಟ್‌ನ ಕ್ಲಾಸ್ ಡಿ ಆಂಪ್, ದಕ್ಷತೆ ಶೇ 80 ಅಂದುಕೊಳ್ಳೋಣ. ಎಳೆಯೋದು 625 ವ್ಯಾಟ್, 13.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 45 ಆಂಪಿಯರ್! ಮನೆ ವೈರಿಂಗಿನಲ್ಲಿ ಉಳಿದ ತುಂಡು ಇದಕ್ಕಾಗಲ್ಲ. 4 ಗೇಜ್ ತಾಮ್ರವೇ ಬೇಕು.

ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಲಿ. ಆಂಪ್‌ನಲ್ಲೇ ಫ್ಯೂಸ್ ಇದೆಯಲ್ಲ ಅನ್ನಬೇಡಿ. ಡಿಕ್ಕಿವರೆಗೆ ಹೋಗೋ ವೈರ್ ದಾರಿಯಲ್ಲಿ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಆ ಫ್ಯೂಸ್‌ಗೆ ಗೊತ್ತೇ ಆಗಲ್ಲ, ವೈರೇ ಹೊತ್ತಿಕೊಳ್ಳುತ್ತೆ. ಕೆಲಸ ಶುರುಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ.