ಒಬ್ಬ ವಿಜ್ಞಾನಿಯ ಲೇಖನಗಳೂ ನಮ್ಮ ಹಿತ್ತಲ ನೆಲನೆಲ್ಲಿಯೂ

ಕಲಾವಿಭಾಗದ ವಿದ್ಯಾರ್ಥಿಗೆ ಯಕೃತ್ತಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಒಂದೇ ಶಾಸನವನ್ನು ನೆಚ್ಚಿ ರಾಜನ ಕಾಲವನ್ನು ನಿರ್ಣಯಿಸಬಾರದೆಂಬುದು ಇತಿಹಾಸ ಓದುವ ನಮಗೆ ಅಧ್ಯಾಪಕರು ಮೊದಲು ಕಲಿಸುವ ಪಾಠ. ವೈದ್ಯ ಸಂಶೋಧಕರ ಲೇಖನಗಳಿಗೂ ಈ ಮಾತು ಸಲ್ಲುತ್ತದೆ. ನಿದರ್ಶನಕ್ಕಾಗಿ ಅಮೆರಿಕದ ಬರೂಕ್ ಬ್ಲಂಬರ್ಗ್ (1925–2011) ಅವರನ್ನು ಆರಿಸಿಕೊಂಡಿದ್ದೇನೆ. ಇವರು ನಮಗೆ ತೀರ ಹೊರಗಿನವರಲ್ಲ. 1986ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪೀಠದ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿಗೆ ಬಂದಿದ್ದರು. ಆ ಅಕಾಡೆಮಿ ಇರುವುದು ನಾನು ವಾಸವಾಗಿರುವ ಮತ್ತಿಕೆರೆಗೆ ಸಮೀಪದ ಸದಾಶಿವನಗರದಲ್ಲಿ.

ಬ್ಲಂಬರ್ಗರ ಕೀರ್ತಿಗೆ ಮೂಲವಾದ ಲೇಖನ 1965ರದು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಕಂಡ ಹೊಸ ಪ್ರತಿಜನಕವೊಂದನ್ನು ಅದು ವರ್ಣಿಸಿತು. ವಿಚಿತ್ರವೆಂದರೆ ಅದರ ಶೀರ್ಷಿಕೆಯಲ್ಲಿ ಯಕೃತ್ತಿನ ಹೆಸರೇ ಇಲ್ಲ. ಅಲ್ಲಿರುವುದು ರಕ್ತದ ಕ್ಯಾನ್ಸರಿನ ಹೆಸರು. ಅದೇ ತಂಡ 1967ರ ಲೇಖನದಲ್ಲಿ ಆ ವಸ್ತುವನ್ನು ಯಕೃತ್ತಿನ ಉರಿಯೂತದೊಡನೆ ಜೋಡಿಸಿತು. 1968ರಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಪ್ರಿನ್ಸ್ ಅವರೂ ಜಪಾನಿನ ಒಕೊಚಿ ಅವರೂ ಬೇರೆಬೇರೆಯಾಗಿ ಪರೀಕ್ಷಿಸಿ ಇದನ್ನು ಸ್ಥಿರಪಡಿಸಿದರು. ಆ ಪ್ರತಿಜನಕವು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವೆಂದು ತಿಳಿಯಿತು. ದಾನವಾಗಿ ಬಂದ ರಕ್ತವನ್ನು ಶೋಧಿಸುವುದೂ ಲಸಿಕೆಯೂ ಇದರಿಂದ ಸಾಧ್ಯವಾದವು. 1976ರಲ್ಲಿ ಬ್ಲಂಬರ್ಗರಿಗೆ ನೊಬೆಲ್ ಬಹುಮಾನದ ಅರ್ಧಭಾಗ ಸಂದಿತು.

ಇನ್ನು ನೆಲನೆಲ್ಲಿಯ ಕಥೆ. 1982ರಲ್ಲಿ ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತು ಅವರ ಸಹೋದ್ಯೋಗಿಗಳು ಈ ಗಿಡದ ಸಾರವು ಗಾಜಿನ ನಳಿಗೆಯಲ್ಲಿ ಆ ಪ್ರತಿಜನಕವನ್ನು ನಿಷ್ಕ್ರಿಯಗೊಳಿಸುವುದೆಂದು ಬರೆದರು. 1987ರಲ್ಲಿ ಬ್ಲಂಬರ್ಗರ ತಂಡ ವುಡ್‌ಚಕ್ ಎಂಬ ಪ್ರಾಣಿಯ ಮೇಲೆ ಪ್ರಯೋಗಿಸಿ ಅನುಕೂಲ ಫಲವನ್ನೇ ಕಂಡಿತು. 1988ರಲ್ಲಿ ಇವರಿಬ್ಬರೂ ಇತರರೊಡನೆ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. 30 ದಿನ ಔಷಧಿ ಸೇವಿಸಿದ 37 ವಾಹಕರಲ್ಲಿ 22 ಮಂದಿಯ, ಎಂದರೆ ನೂರಕ್ಕೆ 59ರಷ್ಟು ಜನರ ರಕ್ತದಿಂದ ಪ್ರತಿಜನಕ ಮಾಯವಾಗಿತ್ತು. ಹುಸಿಮಾತ್ರೆ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು.

ನೊಬೆಲ್ ಪಡೆದವರ ಹೆಸರು, ಪ್ರಸಿದ್ಧ ಪತ್ರಿಕೆ, ನಮ್ಮ ನೆಲದ ಗಿಡ: ಇನ್ನೇನು ಬೇಕು? ಆದರೆ ಕೂಡಿ ನೋಡಿರಿ. ಪ್ರಯೋಗಕ್ಕೆ ಸೇರಿದವರು 78 ಮಂದಿ. ಫಲಿತಾಂಶದ ಲೆಕ್ಕದಲ್ಲಿರುವವರು 60 ಮಂದಿ. 1990ರಲ್ಲಿ ಥಾಯ್ಲೆಂಡಿನ ವೈದ್ಯರು ಇದನ್ನೇ ಮತ್ತೆ ಮಾಡಿ ನೋಡಿ, ಫಲವಿಲ್ಲವೆಂದು ಅದೇ ‘ಲ್ಯಾನ್ಸೆಟ್’ನಲ್ಲಿ ಬರೆದರು. 2011ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 16 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ, ಹುಸಿಮಾತ್ರೆಗಿಂತ ಈ ಗಿಡ ಮೇಲೆನ್ನಲು ನಂಬತಕ್ಕ ಆಧಾರವಿಲ್ಲವೆಂದರು. ಆಸ್ಟ್ರೇಲಿಯದ ಪ್ರತಿಜನಕವನ್ನು ಪರರ ಪರೀಕ್ಷೆ ಎತ್ತಿಹಿಡಿಯಿತು, ನೆಲನೆಲ್ಲಿಯನ್ನು ಎತ್ತಿಹಿಡಿಯಲಿಲ್ಲ. ವಿಜ್ಞಾನಿ ಒಬ್ಬರೇ, ಹೆಸರೂ ಒಂದೇ.

ಹಾಗಾದರೆ ಹಿರಿಯರ ಅನುಭವ ಸುಳ್ಳೇ? ನಮ್ಮ ಸೋದರಮಾವನಿಗೆ ಕಾಮಾಲೆಯಾದಾಗ ಅಜ್ಜಿ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಟ್ಟರು. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯಿತು. ಅಜ್ಜಿ ಕಂಡದ್ದು ನಿಜ. ಆದರೆ ಕೊಳೆನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ. ಹೆಪಟೈಟಿಸ್ ಬಿ ತಗುಲಿದ ವಯಸ್ಕರಲ್ಲಿಯೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ದೇಹವು ಆರು ತಿಂಗಳೊಳಗೆ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಗಿಡ ಕೊಟ್ಟರೂ ಕೊಡದಿದ್ದರೂ ಗುಣವಾಗುವವರೇ ಬಹುಮಂದಿ. ಆದುದರಿಂದ ಕೀರ್ತಿ ಗಿಡಕ್ಕೆ ಸಲ್ಲುತ್ತದೆ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗುಲಿದ ಶಿಶುಗಳ ಪಾಡು ಇದಕ್ಕೆ ತದ್ವಿರುದ್ಧ: ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ವೈರಸ್ಸು ನೆಲೆನಿಲ್ಲುತ್ತದೆ. ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಒಳಗಿದ್ದು ಯಕೃತ್ತನ್ನು ಗಟ್ಟಿಗಟ್ಟಿಸಿ, ಕ್ಯಾನ್ಸರಿಗೂ ದಾರಿಮಾಡಬಹುದು. ಕಣ್ಣು ಬೆಳ್ಳಗಾಯಿತೆಂದು ರಕ್ತಪರೀಕ್ಷೆಯನ್ನು ಬಿಡುವುದರಲ್ಲಿರುವ ಅಪಾಯ ಇದೇ. ಹುಟ್ಟಿದ 24 ಗಂಟೆಗಳೊಳಗೆ ಶಿಶುವಿಗೆ ಲಸಿಕೆ ಹಾಕಿಸಬೇಕೆನ್ನುವುದೂ ಇದಕ್ಕಾಗಿಯೇ.

ಗಿಡವನ್ನು ಜರೆಯುವುದು ನನ್ನ ಉದ್ದೇಶವಲ್ಲ. ಮತ್ತಿಕೆರೆಯ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದರ ಸಾರವು ಹೆಪಟೈಟಿಸ್ ಸಿ ವೈರಸ್ಸನ್ನು ತಡೆಯಬಲ್ಲದೆಂದು 2011ರಲ್ಲಿ ಬರೆದರು. ಆದರೆ ಅದು ಪ್ರಯೋಗಶಾಲೆಯ ಮಾತು. ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಎಷ್ಟು ದೀರ್ಘವೆಂಬುದನ್ನು ಮೇಲಿನ ಕಥೆಯೇ ಹೇಳಿದೆ.

ಸಹಪಾಠಿ ಮಿತ್ರರೇ, ಯಾರಾದರೂ ಲೇಖನವೊಂದನ್ನು ತೋರಿಸಿ ಔಷಧಿಯ ಗುಣಗಾನ ಮಾಡಿದರೆ ಮೂರು ಪ್ರಶ್ನೆ ಕೇಳಿರಿ: ಪರೀಕ್ಷೆ ನಡೆದದ್ದು ನಳಿಗೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯನಲ್ಲೋ? ಸೇರಿದವರೆಲ್ಲರ ಲೆಕ್ಕ ಸಿಕ್ಕಿದೆಯೇ? ಬೇರೆಯವರು ಮಾಡಿದಾಗಲೂ ಅದೇ ಫಲ ಬಂದಿತೇ? ಇವನ್ನು ಕೇಳಲು ವೈದ್ಯನಾಗಬೇಕಿಲ್ಲ; ನಮ್ಮ ತರಗತಿಯ ಪಾಠವೇ ಸಾಕು.