ಇಂಗ್ಲಿಷ್ ಶಿಬಿರದಲ್ಲಿ ಕೈಕೆಲಸ: ಸದಸ್ಯರು ಗಮನಿಸಬೇಕಾದ ಅಂಶಗಳು

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಒಳಗೊಂಡ ಶಿಕ್ಷಣವೂ ಗ್ರಂಥಾಲಯಗಳೂ ಸೇರಿವೆ. ಆದುದರಿಂದ ಬೇಸಿಗೆ ರಜೆಯಲ್ಲಿ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಇಂಗ್ಲಿಷ್ ಶಿಬಿರ ನಡೆಸುವುದು ಗ್ರಾಮ ಪಂಚಾಯಿತಿಗೆ ಹೊರತಾದ ಕಾರ್ಯವಲ್ಲ. ಇಂತಹ ಶಿಬಿರದ ದಿನಚರಿಯಲ್ಲಿ ಕೈಕೆಲಸಕ್ಕೆ ಒಂದು ಅವಧಿ ಇದ್ದೇ ಇರುತ್ತದೆ. ಆದರೆ ಆ ಅವಧಿಯು ಪೂರ್ತಿ ಕನ್ನಡದಲ್ಲಿಯೇ ನಡೆದು, ಸಮಾರೋಪದ ದಿನ ಮೇಜಿನ ಮೇಲೆ ಜೋಡಿಸುವ ಬಣ್ಣದ ಹೂಗಳಲ್ಲಿ ಮುಗಿದರೆ, ಮಗು ಹೂವನ್ನು ಮನೆಗೆ ಒಯ್ಯುತ್ತದೆಯೇ ಹೊರತು ಇಂಗ್ಲಿಷಿನ ಒಂದು ವಾಕ್ಯವನ್ನೂ ಒಯ್ಯುವುದಿಲ್ಲ.

ಎಳೆಯ ಮಗು ತಾಯ್ನುಡಿಯನ್ನು ಕಲಿಯುವಾಗ ಮೊದಲು ಮಾತನಾಡುವುದಿಲ್ಲ. ‘ಬಾ’, ‘ಕೊಡು’, ‘ಕೂತುಕೋ’ ಎಂಬ ಮಾತುಗಳಿಗೆ ಮೈಯಿಂದಲೇ ಉತ್ತರ ಕೊಡುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ ಅವರು ಇದೇ ತತ್ತ್ವವನ್ನು ಎರಡನೆಯ ಭಾಷೆಯ ಬೋಧನೆಗೂ ಅನ್ವಯಿಸಿದರು. ಕೈಕೆಲಸವು ಈ ಕ್ರಮಕ್ಕೆ ಸಹಜವಾಗಿ ಒದಗುತ್ತದೆ.

ಕಾಗದದ ದೋಣಿಯನ್ನೇ ತೆಗೆದುಕೊಳ್ಳೋಣ. ಹಳೆಯ ದಿನಪತ್ರಿಕೆ ಸಾಕು. ಮೊದಲನೆಯ ದೋಣಿಗೆ ಬೋಧಕರು ‘ಫೋಲ್ಡ್’, ‘ಓಪನ್’, ‘ಪ್ರೆಸ್’, ‘ಟರ್ನ್ ಇಟ್ ಓವರ್’ ಎನ್ನುತ್ತಾ ತಾವೂ ಮಡಿಸಿ ತೋರಿಸುತ್ತಾರೆ. ಎರಡನೆಯದಕ್ಕೆ ಕೈಕಟ್ಟಿ ನಿಂತು ಮಾತಿನಿಂದಲೇ ಮಡಿಸಿಸುತ್ತಾರೆ. ಮೂರನೆಯದಕ್ಕೆ ಮಗುವೇ ಪಕ್ಕದ ಮಗುವಿಗೆ ಹೇಳಿಕೊಡುತ್ತದೆ. ಮೂರನೆಯ ದೋಣಿಯೇ ನಿಜವಾದ ಪಾಠ. ಒಂದೇ ದೋಣಿಗೆ ನಿಲ್ಲಿಸಿದರೆ ಅದು ಬರಿಯ ಮಡಿಕೆಯ ಆಟ.

ಮಣ್ಣೆತ್ತಿನ ಅಮಾವಾಸ್ಯೆಯ ರೂಢಿ ಇರುವ ಊರುಗಳಲ್ಲಿ ಜೇಡಿಮಣ್ಣಿನ ಎತ್ತು ಇನ್ನೂ ಒಳ್ಳೆಯ ಸಾಧನ. ‘ರೋಲ್ ದ ಕ್ಲೇ’, ‘ಮೇಕ್ ಫೋರ್ ಲೆಗ್ಸ್’, ‘ಮೇಕ್ ಟೂ ಹಾರ್ನ್ಸ್’ ಎಂಬಲ್ಲಿ ಅಂಕೆ, ಅಂಗಗಳ ಹೆಸರು, ಕ್ರಿಯಾಪದ ಮೂರೂ ಒಟ್ಟಿಗೆ ಬರುತ್ತವೆ. ಎತ್ತು ಮಕ್ಕಳಿಗೆ ಗೊತ್ತಿರುವುದರಿಂದ ಅರ್ಥ ವಿವರಿಸುವ ಗೋಜೂ ಇಲ್ಲ.

ಮಾತನಾಡಲು ನಾಚುವ ಮಗುವಿಗೆ ಹಳೆಯ ಕಾಲುಚೀಲದಿಂದ ಮಾಡಿದ ಗೊಂಬೆ ಕೊಡಿಸಬೇಕು. ತಪ್ಪಾದರೆ ತಪ್ಪು ಗೊಂಬೆಯದು! ಊರಿನವರ ಎದುರು ಇಂಗ್ಲಿಷ್ ಆಡಲು ಅಂಜುವ ಮಕ್ಕಳ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ನಡುವೆ ಮಕ್ಕಳು ಕನ್ನಡದಲ್ಲಿ ಮಾತನಾಡಿಕೊಂಡರೆ ಗದರಿಸುವ ಅಗತ್ಯವಿಲ್ಲ.

ಸಾಮಗ್ರಿಯ ವಿಷಯದಲ್ಲಿ ಒಂದು ಮಾತು ವಿಚಿತ್ರವೆನಿಸಬಹುದು. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಕತ್ತರಿ ಬೇಡ, ಐದು ಸಾಕು. ಎಲ್ಲರ ಬಳಿಯೂ ಎಲ್ಲವೂ ಇದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಒಂದು ಗುಂಪಿನಲ್ಲಿ ಕತ್ತರಿ, ಇನ್ನೊಂದರಲ್ಲಿ ಅಂಟು ಇದ್ದಾಗ ‘ಕ್ಯಾನ್ ಐ ಹ್ಯಾವ್ ದ ಸಿಸರ್ಸ್, ಪ್ಲೀಸ್’ ಎಂಬ ವಾಕ್ಯಕ್ಕೆ ನಿಜವಾದ ಅಗತ್ಯ ಹುಟ್ಟುತ್ತದೆ. ಕತ್ತರಿಗಳ ತುದಿ ಮೊಂಡಾಗಿರತಕ್ಕದ್ದು. ಬೀಜ, ಮಣಿಗಳನ್ನು ಅಂಟಿಸುವ ಕೆಲಸವನ್ನು ತೀರ ಚಿಕ್ಕ ಮಕ್ಕಳಿಗೆ ಕೊಡಬಾರದು.

ಶಿಬಿರಕ್ಕೆ ಭೇಟಿ ನೀಡುವ ಸದಸ್ಯರು ಮೇಜಿನ ಮೇಲಿನ ವಸ್ತುಗಳನ್ನು ನೋಡುವುದಕ್ಕಿಂತ ಹತ್ತು ನಿಮಿಷ ಹಿಂದೆ ಕುಳಿತು ಕೇಳಿಸಿಕೊಳ್ಳುವುದು ಲೇಸು. ಮಾತು ಬೋಧಕರದೇ ಆಗಿದೆಯೋ ಮಕ್ಕಳದೂ ಇದೆಯೋ ಎಂಬುದು ಆಗ ತಿಳಿಯುತ್ತದೆ. ಸಾಮಗ್ರಿ ಪಟ್ಟಿಗೆ ಒಪ್ಪಿಗೆ ನೀಡುವ ಮೊದಲು, ಪ್ರತಿಯೊಂದು ಚಟುವಟಿಕೆಯ ಎದುರು ಆ ದಿನ ಮಕ್ಕಳು ಆಡಬೇಕಾದ ಮೂರು ನಾಲ್ಕು ವಾಕ್ಯಗಳನ್ನು ಬರೆದುಕೊಡುವಂತೆ ಶಿಬಿರದ ಬೋಧಕರನ್ನು ಕೇಳಬಹುದು. ವಾಕ್ಯವಿಲ್ಲದ ಚಟುವಟಿಕೆಯನ್ನು ಪಟ್ಟಿಯಿಂದ ಕೈಬಿಡಬಹುದು.